ಗಾಜಿನ ಗುಂಡಿನ ಹುಟ್ಟೂರು

ಗಾಜಿನ ಪೇಪರ್‌ವೇಟ್ ಕೈಗೆ ಸಿಕ್ಕಿದವರು ಮೊದಲು ಒಳಗಿನ ಹೂಗಳಿಗೆ ಮರುಳಾಗುತ್ತಾರೆ. ಆಗಲಿ, ಅದನ್ನು ಮಾಡಿರುವುದೇ ಅದಕ್ಕೆ. ಹುಟ್ಟೂರು ಪತ್ತೆಯಾಗಬೇಕಾದರೆ ಮಾತ್ರ ಭೂತಗನ್ನಡಿ ಹಿಡಿದು ಒಂದೊಂದೇ ಹೂವನ್ನು ಓದಬೇಕು.

ಈ ಕಲೆಯ ಸುಗ್ಗಿ ಫ್ರಾನ್ಸಿನದು. 1845ರಿಂದ ಹೆಚ್ಚುಕಡಿಮೆ 1860ರವರೆಗೆ. ವೆನಿಸ್ಸಿನ ಪಿಯೆತ್ರೊ ಬಿಗಾಲಿಯಾ 1845ರಲ್ಲಿ ವಿಯೆನ್ನಾದ ಪ್ರದರ್ಶನಕ್ಕಿಟ್ಟ ಗುಂಡುಗಳು ಫ್ರೆಂಚರ ಕಣ್ಣಿಗೆ ಬಿದ್ದವು. ಬಕರಾ, ಸೇಂಟ್ ಲೂಯಿ, ಕ್ಲಿಶಿ ಕಾರ್ಖಾನೆಗಳು ಬೇಗನೆ ವೆನಿಸ್ಸನ್ನು ಹಿಂದೆ ಹಾಕಿದವು.

ಒಳಗಿನ ಹೂ ಹುಟ್ಟುವುದು ಹೀಗೆ: ಬಣ್ಣದ ಗಾಜನ್ನು ಪದರಪದರವಾಗಿ ಅಚ್ಚಿಗೆ ಹಾಕಿ, ಬಿಸಿಯಿರುವಾಗಲೇ ಎಳೆದರೆ ಪೆನ್ಸಿಲ್ ಗಾತ್ರದ ಕಡ್ಡಿಯಾಗುತ್ತದೆ. ಒಳಗಿನ ಚಿತ್ರ ಕಿರಿದಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಕಡ್ಡಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಜೋಡಿಸಿ, ಮೇಲೆ ತಿಳಿಗಾಜಿನ ಗುಮ್ಮಟ ಕೂರಿಸುತ್ತಾರೆ. ಅಚ್ಚುಗಳು ಆಯಾ ಕಾರ್ಖಾನೆಯವು. ಆದ್ದರಿಂದ ಬಿಲ್ಲೆಯೇ ಮೊದಲ ಸಾಕ್ಷಿ.

ಹುಂಜ, ಆನೆ, ನಾಯಿಗಳ ಕಪ್ಪು ನೆರಳುಚಿತ್ರ ಕಂಡರೆ ಬಕರಾ ನೆನಪಾಗಲಿ. ಕಾರ್ಖಾನೆಯ ಮುಖ್ಯಸ್ಥರ ಬಂಧುವಾದ ಎಮಿಲ್ ಗ್ರಿಡೆಲ್ ಎಂಬ ಹುಡುಗ ಕಾಗದದಲ್ಲಿ ಕತ್ತರಿಸಿದ ಪ್ರಾಣಿಗಳು ಅವು. ನನಗಂತೂ ಯಾವ ಗುಲಾಬಿಗಿಂತಲೂ ಈ ಹುಡುಗಾಟಿಕೆಯೇ ಹೆಚ್ಚು ಇಷ್ಟ. ಕುಣಿಯುವ ಜೋಡಿಯಿದ್ದರೆ ಸೇಂಟ್ ಲೂಯಿ ಇರಬಹುದು. ಬಿಚ್ಚಿದ ಎಲೆಕೋಸಿನಂತೆ ಪದರಪದರವಾದ ಪುಟ್ಟ ಗುಲಾಬಿ ಕ್ಲಿಶಿಯದು; ನಡುವಿನಿಂದ ಅಂಚಿಗೆ ಸುರುಳಿ ಬಿಚ್ಚುವ ಬಣ್ಣದ ಪಟ್ಟೆಗಳೂ ಅದರ ಕೈಚಳಕವೇ. 'ಬಿ' ಅಥವಾ 'ಎಸ್‌ಎಲ್' ಅಕ್ಷರದ ಜೊತೆ 1840ರ ದಶಕದ ಇಸವಿ ಹೊತ್ತ ಬಿಲ್ಲೆಗಳೂ ಉಂಟು.

ಇಸವಿ ಕಂಡು ಹಿಗ್ಗಬೇಡಿ. 1848 ಎಂದು ಬರೆದಿದ್ದ ಹಲವು ಇಂಗ್ಲಿಷ್ ಗುಂಡುಗಳನ್ನು ಬಹುಕಾಲ ವೈಟ್‌ಫ್ರೈಯರ್ಸ್ ಕಾರ್ಖಾನೆಯ ಹಳೆಯ ಕೆಲಸವೆಂದೇ ನಂಬಿದ್ದರು. ಅವು 20ನೆಯ ಶತಮಾನದಲ್ಲಿ ಬೇರೆಡೆ ಆದವೆಂದು ಆಮೇಲೆ ತಿಳಿಯಿತು. ಸ್ಕಾಟ್ಲೆಂಡಿನ ಪಾಲ್ ಐಸಾರ್ಟ್ ಮಾತ್ರ ಪ್ರಾಮಾಣಿಕ: 'ಪಿವೈ' ಎಂದು ತನ್ನದೇ ಬಿಲ್ಲೆ ಇಡುತ್ತಿದ್ದ.

ಬಿಲ್ಲೆ ನೋಡಿಯಾದ ಮೇಲೆ ಗುಂಡನ್ನು ಬೋರಲು ಹಾಕಿ. ತಳದಲ್ಲಿ ಕೊರೆದ ನಕ್ಷತ್ರವಿದ್ದರೆ ಬಕರಾದ ಕಡೆಗೆ ಒಂದು ಬೊಟ್ಟು. ಶತಮಾನಕ್ಕೂ ಮೀರಿ ಮೇಜುಗಳ ಮೇಲೆ ಸರಿದಾಡಿದ ತಳಕ್ಕೆ ದಿಕ್ಕುದೆಸೆಯಿಲ್ಲದ ಸಣ್ಣ ಗೀರುಗಳಿರುತ್ತವೆ. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಮರಳುಕಾಗದದ ಮೇಲೆ ಅನುಮಾನಪಡಿ. ಗಾಜು ಮಾಸಲು ಹಳದಿಯಾಗಿದ್ದು ಮುಟ್ಟಿದರೆ ಜಿಡ್ಡೆನಿಸಿದರೆ, 1930ರ ದಶಕದ ಚೀನೀ ನಕಲು ಇರಬಹುದು.

ಕಷ್ಟ ಬರುವುದು ಅಮೆರಿಕದ ಗುಂಡುಗಳಲ್ಲಿ. ಬಕರಾದಲ್ಲಿ ಪಳಗಿದ ಫ್ರಾನ್ಸ್ವಾ ಪಿಯೆರ್ ನ್ಯೂ ಇಂಗ್ಲೆಂಡ್ ಗ್ಲಾಸ್ ಕಂಪನಿಗೆ, ಸೇಂಟ್ ಲೂಯಿಯ ನಿಕೋಲಸ್ ಲುಟ್ಜ್ ಸ್ಯಾಂಡ್‌ವಿಚ್ ಎಂಬ ಊರಿನ ಗಾಜಿನ ಕಾರ್ಖಾನೆಗೆ ಹೋದರು. ಕೈಯ ಜೊತೆ ಶೈಲಿಯೂ ಕಡಲು ದಾಟಿತು. ಕ್ಲಿಶಿಯ ಗುಲಾಬಿಯನ್ನು ಹೋಲುವ ಹೂ ಅಲ್ಲೂ ಅರಳಿದೆ. ಮಾರುವವನು ಅದೊಂದನ್ನೇ ತೋರಿಸಿ ಕ್ಲಿಶಿಯ ಬೆಲೆ ಹೇಳಿದರೆ, ಉಳಿದ ಬಿಲ್ಲೆಗಳೂ ತಳವೂ ಅದೇ ಊರಿನ ಹೆಸರು ಹೇಳುತ್ತವೆಯೇ ಎಂದು ನೋಡಿಯೇ ಹಣದ ಮಾತಾಡಿ.