ರೌದ್ರಚಿತ್ರಗಳ ನಿರ್ವಹಣಸಂಧಿ

ರೂಪಕವು ಎಲ್ಲಿ ಮುಗಿಯಬೇಕು, ಹೇಗೆ ಮುಗಿಯಬೇಕು ಎಂಬ ವಿಷಯದಲ್ಲಿ ನಮ್ಮ ಲಾಕ್ಷಣಿಕರು ಬಹು ಕಟ್ಟುನಿಟ್ಟಾಗಿದ್ದರು. ಮುಖಸಂಧಿಯಲ್ಲಿ ಬಿತ್ತಿದ ಬೀಜವು ನಿರ್ವಹಣದಲ್ಲಿ ಫಲವಾಗಿ ಕೈಸೇರಬೇಕು. ನಡುವೆ ಚೆದರಿದ ಎಳೆಗಳೆಲ್ಲ ಅಲ್ಲಿ ಕೂಡಿಬರಬೇಕು. ಯುದ್ಧವನ್ನೂ ಮರಣವನ್ನೂ ಅಂಕದೊಳಗೆ ಪ್ರತ್ಯಕ್ಷವಾಗಿ ತೋರಿಸಲಾಗದೆಂಬುದು ಭರತನ ವಿಧಿ. ಈ ಎರಡು ಕಟ್ಟುಗಳನ್ನೂ ಒಟ್ಟಿಗೆ ಹರಿದುಕೊಂಡು ಹೊರಟಿದೆ ಈ ಕಾಲದ ಹೊಡೆದಾಟದ ಚಲಚ್ಚಿತ್ರ. ಅಲ್ಲಿ ನೂರು ಕೊಲೆಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ. ಕಡೆಯಲ್ಲಿ ನಾಯಕನೇನಾದನೆಂಬುದನ್ನು ಮಾತ್ರ ಮರೆಮಾಡುತ್ತಾರೆ.

ಹೀಗೆಂದ ಮಾತ್ರಕ್ಕೆ ಶಾಸ್ತ್ರವನ್ನು ಮುಂದುಮಾಡಿ ಈ ಚಿತ್ರಗಳಿಗೆ ಬಹಿಷ್ಕಾರ ಹಾಕಹೊರಟಿದ್ದೇನೆಂದು ವಾಚಕರು ಭಾವಿಸಬಾರದು. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಅದನ್ನು ಓದಿದ ಸಹೃದಯನು ಮರುಗುವುದು ದುರ್ಯೋಧನನಿಗಾಗಿಯೇ ಹೊರತು ಮುರಿದ ವಿಧಿಗಾಗಿ ಅಲ್ಲ. ಆದುದರಿಂದ ಕೇಳತಕ್ಕ ಪ್ರಶ್ನೆ ಬೇರೆ. ಮುಗಿಸದೆ ಬಿಟ್ಟ ಮುಕ್ತಾಯವು ಎಲ್ಲಿ ಧ್ವನಿಯಾಗುತ್ತದೆ, ಎಲ್ಲಿ ಬರಿಯ ಸಂದಿಗ್ಧದೋಷವಾಗುತ್ತದೆ?

ಪ್ರಶಾಂತ್ ನೀಲ್ ಅವರು ನಿರ್ದೇಶಿಸಿದ ‘ಕೆ.ಜಿ.ಎಫ್.’ ಚಿತ್ರದ ಮೊದಲನೆಯ ಅಧ್ಯಾಯವು 2018ರ ಡಿಸೆಂಬರಿನಲ್ಲಿಯೂ ಎರಡನೆಯದು 2022ರ ಏಪ್ರಿಲಿನಲ್ಲಿಯೂ ಬಿಡುಗಡೆಯಾದುವು. ಎರಡನೆಯದನ್ನು ನೋಡಿ ಬಂದ ಮನೆಯ ಹುಡುಗರು ನಾಯಕನಾದ ರಾಕಿಯು ಸತ್ತನೆ, ಬದುಕಿರುವನೆ ಎಂದು ಒಂದು ವಾರಪರ್ಯಂತ ವಾದ ಹೂಡಿದ್ದುದನ್ನು ಕೇಳಿ, ಕುತೂಹಲದಿಂದ ನಾನೂ ಎರಡನ್ನೂ ನೋಡಿದೆನು.

ಮೊದಲು ನನ್ನನ್ನು ಬೆರಗುಗೊಳಿಸಿದುದು ಅದರ ಗಾಂಭೀರ್ಯ. ಪೋಲೀಸರ ವಶವಾದ ಒಂದೇ ಒಂದು ಚಿನ್ನದ ಬಿಸ್ಕತ್ತಿಗಾಗಿ ರಾಕಿಯು ‘ದೊಡ್ಡಮ್ಮ’ ಎಂಬ ಹೆಸರಿನ ಭಾರಿ ಯಂತ್ರಬಂದೂಕವನ್ನು ಹೂಡಿ ಇಡಿಯ ಠಾಣೆಯನ್ನೇ ಪುಡಿಮಾಡುತ್ತಾನೆ. ಬಳಿಕ ಕೆಂಪಗೆ ಕಾದ ಅದರ ನಳಿಗೆಗೆ ಸಿಗರೇಟನ್ನು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಇದನ್ನು ಬರಹದಲ್ಲಿ ಓದಿದರೆ ಯಾರಿಗಾದರೂ ನಗೆ ಬರುವುದು ಸಹಜ. ಅನೌಚಿತ್ಯವೇ ಹಾಸ್ಯದ ಮೂಲವೆಂದು ಅಭಿನವಗುಪ್ತನು ಹೇಳಿಲ್ಲವೆ? ಆದರೆ ಚಿತ್ರಮಂದಿರದಲ್ಲಿ ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಏಕೆಂದು ಮನೆಗೆ ಬಂದು ಯೋಚಿಸಿದೆನು.

ನನಗೆ ತೋರುವಮಟ್ಟಿಗೆ ಕಾರಣವೆರಡು. ರಾಕಿಯ ಕಥೆಯನ್ನು ನಾವು ನೇರವಾಗಿ ಕಾಣುತ್ತಿಲ್ಲವೆಂಬುದು ಒಂದು. ಆನಂದ ಇಂಗಳಗಿ ಎಂಬ ವೃದ್ಧನು ಬರೆದು ಸರಕಾರವು ನಿಷೇಧಿಸಿದ ‘ಎಲ್ ಡೊರಾಡೊ’ ಎಂಬ ಗ್ರಂಥದ ಕಥೆಯಿದು. ಮೊದಲ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಅವನು ಅಸ್ವಸ್ಥನಾಗಲು ಎರಡನೆಯದನ್ನು ಅವನ ಮಗ ವಿಜಯೇಂದ್ರನು ಮುಂದುವರಿಸುತ್ತಾನೆ. ವ್ಯಾಸರ ಕೃತಿಯನ್ನು ವೈಶಂಪಾಯನನು ಹೇಳಿ, ಅದನ್ನು ಕೇಳಿದ ಸೌತಿಯು ಶೌನಕಾದಿಗಳಿಗೆ ಹೇಳಿದ ಪರಿಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಕಥೆಯು ಬಾಯಿಂದ ಬಾಯಿಗೆ ಬಂದಾಗ ಗದೆಯ ತೂಕ ಹೆಚ್ಚುತ್ತದೆ. ಅತಿಶಯೋಕ್ತಿಯು ಇಲ್ಲಿ ನಿರ್ದೇಶಕನದಲ್ಲ, ನಿರೂಪಕನದು ಎಂದಿಟ್ಟುಕೊಂಡರೆ ದೊಡ್ಡಮ್ಮನ ನಳಿಗೆಯೂ ಜೀರ್ಣವಾಗುತ್ತದೆ.

ಎರಡನೆಯ ಕಾರಣ ತಾಯಿ. ಬಡತನದಲ್ಲಿ ಬೆಂದ ಆಕೆಯು, ಹೇಗೆ ಬದುಕಿದರೂ ಸಾಯುವಾಗ ಸಿರಿವಂತನೂ ಬಲಶಾಲಿಯೂ ಆಗಿ ಸಾಯಬೇಕೆಂದು ಎಳೆಯ ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ. ಚಿತ್ರದ ಗಾಂಭೀರ್ಯವೆಲ್ಲ ಈ ಒಂದು ಕಂಬದ ಮೇಲೆ ನಿಂತಿದೆ. ಹಸಿದ ತಾಯಿಯ ಆ ಮಾತಿಗೆ ಲಕ್ಷ್ಯಾರ್ಥವೊಂದುಂಟು: ಮಗುವೇ, ನನ್ನಂತೆ ದಿಕ್ಕಿಲ್ಲದೆ ಸಾಯಬೇಡ ಎಂಬುದಷ್ಟೆ. ಮಗನು ಹಿಡಿದುದು ವಾಚ್ಯಾರ್ಥವನ್ನು. ಗಂಗೆಯಲ್ಲಿ ಗೊಲ್ಲರಹಳ್ಳಿಯಿದೆ ಎಂದರೆ ನೀರಿನ ಮೇಲೆಯೇ ಗುಡಿಸಲು ಹಾಕಹೊರಟ ಶಿಷ್ಯನಂತೆ ಅವನು ಜಗತ್ತಿನ ಚಿನ್ನವನ್ನೆಲ್ಲ ರಾಶಿಹಾಕಲು ಹೊರಟನು.

ಮುಕ್ತಾಯದ ಮಾತಿಗೆ ಬರುವ ಮುನ್ನ, ಅನಿಶ್ಚಿತವಾದ ಕೊನೆಯನ್ನು ಇದೇ ಜಾತಿಯ ಚಿತ್ರವೊಂದು ಹೇಗೆ ಸಾಧಿಸಬಲ್ಲುದೆಂಬುದಕ್ಕೆ ಹೊರದೇಶದ ಉದಾಹರಣೆಯೊಂದನ್ನು ಕೊಡುತ್ತೇನೆ. ಪಾಲ್ ವರ್ಹೋವನ್ ಎಂಬಾತನ ‘ಟೋಟಲ್ ರೀಕಾಲ್’ (1990) ಎಂಬ ಚಿತ್ರದಲ್ಲಿ ರಕ್ತಪಾತಕ್ಕೆ ಮಿತಿಯಿಲ್ಲ. ಅದರ ನಾಯಕನು ಮಂಗಳಗ್ರಹದ ಪ್ರವಾಸದ ಸುಳ್ಳು ನೆನಪುಗಳನ್ನು ತಲೆಯೊಳಗೆ ತುಂಬಿಸಿಕೊಳ್ಳಲು ಒಂದು ಅಂಗಡಿಗೆ ಹೋಗುತ್ತಾನೆ. ಅಲ್ಲಿಯ ಕೆಲಸದವನೊಬ್ಬನು ಮಂಗಳದಲ್ಲಿ ನೀಲಿಯ ಆಕಾಶವೆಂದು ಸುಮ್ಮನೆ ಒಂದು ಮಾತಾಡುತ್ತಾನೆ. ಕಡೆಯ ದೃಶ್ಯದಲ್ಲಿ ಮಂಗಳದ ಆಕಾಶವು ನಿಜವಾಗಿಯೂ ನೀಲಿಯಾಗುತ್ತದೆ. ಪರದೆಯು ಬೆಳ್ಳಗಾಗಿ ಚಿತ್ರ ಮುಗಿಯುತ್ತದೆ. ಆದದ್ದೆಲ್ಲ ನಿಜವೋ, ಅಂಗಡಿಯ ಕುರ್ಚಿಯಲ್ಲಿ ಕುಳಿತು ಕಂಡ ಕನಸೋ? ನಡುವೆ ವೈದ್ಯನೊಬ್ಬನು ಬಂದು, ನೀನಿನ್ನೂ ಕುರ್ಚಿಯಲ್ಲೇ ಇರುವೆ ಎಂದು ನಂಬಿಸಹೊರಟಾಗ, ಅವನ ಮುಖದ ಮೇಲೆ ಇಳಿದ ಒಂದು ಬೆವರಹನಿಯನ್ನು ಕಂಡು ನಾಯಕನು ಅವನನ್ನು ಕೊಲ್ಲುತ್ತಾನೆ. ಅಷ್ಟಸಾತ್ತ್ವಿಕಭಾವಗಳಲ್ಲಿ ಒಂದಾದ ಸ್ವೇದಕ್ಕೆ ಇಂಥ ವಿನಿಯೋಗವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ! ಆದರೆ ಕನಸಿನಲ್ಲಿಯೂ ಬೆವರಬಹುದಲ್ಲವೆ? ಈ ಸಂದೇಹದ ಬೀಜವು ಮುಖಸಂಧಿಯಲ್ಲಿಯೇ ಬಿದ್ದಿತ್ತು. ಆದುದರಿಂದ ಕೊನೆಯ ಅನಿಶ್ಚಯವು ಫಲವೆನಿಸಿತು.

ಈಗ ರಾಕಿಯ ಕಥೆಗೆ ಮರಳೋಣ. ಮಡದಿಯನ್ನು ಕಳೆದುಕೊಂಡ ಅವನು ಗಣಿಯ ಚಿನ್ನವನ್ನೆಲ್ಲ ಹಡಗಿಗೆ ತುಂಬಿ ಕಡಲಿಗಿಳಿಯುತ್ತಾನೆ. ಪ್ರಧಾನಮಂತ್ರಿಣಿಯಾದ ರಮಿಕಾ ಸೇನಳ ಆಜ್ಞೆಯಂತೆ ನೌಕಾಪಡೆಯು ಗುಂಡುಮಳೆಗರೆಯುತ್ತದೆ. ಅವನೂ ಚಿನ್ನವೂ ಒಟ್ಟಿಗೆ ಮುಳುಗುತ್ತಾರೆ. ತಾಯಿಗೆ ಕೊಟ್ಟ ಮಾತು ಅಕ್ಷರಶಃ ನಡೆಯಿತು. ಆದರೆ ಇದು ನಡೆದುದೇ, ಅಣಕವಾದುದೇ? ಎಷ್ಟು ಚಿನ್ನವೋ ಅಷ್ಟು ಭಾರ. ಆ ಮಾತು ಪಡೆದ ತಾಯಿಯು ದಡದಲ್ಲಿ ನಿಂತು ನೋಡಿದ್ದರೆ ಹಿಗ್ಗುತ್ತಿದ್ದಳೆ? ಚಿತ್ರವು ಇದಕ್ಕೆ ಉತ್ತರ ಹೇಳುವುದಿಲ್ಲ, ಹೇಳದಿರುವುದೇ ಉಚಿತ. ಇದು ಬೀಜದಿಂದ ಬಂದ ಅನಿಶ್ಚಯ.

ಆಮೇಲೆ ಬರುವುದು ಮತ್ತೊಂದು. ಹೆಸರುಗಳ ಪಟ್ಟಿ ಓಡತೊಡಗಿದ ಮೇಲೆ ಮೂರನೆಯ ಅಧ್ಯಾಯದ ಹಸ್ತಪ್ರತಿಯೊಂದು ಕಾಣಿಸಿಕೊಳ್ಳುತ್ತದೆ. ಅಮೆರಿಕದ ಗೂಢಚಾರಸಂಸ್ಥೆಯವನೊಬ್ಬನು ರಾಕಿಯ ವಿದೇಶದ ಅಪರಾಧಗಳ ಕಡತವನ್ನು ತಂದೊಪ್ಪಿಸುತ್ತಾನೆ. ಹುಡುಗರ ವಾದವೆಲ್ಲ ಹುಟ್ಟಿದುದು ಇಲ್ಲಿ. ಇದು ವ್ಯಾಪಾರಿಯು ಅಂಗಡಿಯ ಬಾಗಿಲನ್ನು ಓರೆಮಾಡಿಟ್ಟ ಬಗೆಯೇ ಹೊರತು ಕವಿಯ ಮೌನವಲ್ಲ. ತಾಯಿಯ ಮಾತೆಂಬ ಪ್ರಶ್ನೆಯನ್ನು ಹೊತ್ತು ಹೊರಡಬೇಕಾದ ಪ್ರೇಕ್ಷಕನ ಕೈಗೆ ‘ಸತ್ತನೆ, ಇಲ್ಲವೆ’ ಎಂಬ ಪಂದ್ಯದ ಚೀಟಿಯನ್ನು ಕೊಟ್ಟು ಕಳುಹಿಸಿದಂತಾಯಿತು.

ನನಗೆ ಇನ್ನೊಂದು ಕೊರಗೂ ಉಂಟು. ಮೊದಲ ಅಧ್ಯಾಯದಲ್ಲಿ ಗಣಿಯ ಗುಲಾಮರ ಬಾಳನ್ನು ತೋರಿಸಿದ ಬಗೆಯಲ್ಲಿ, ಅದರಲ್ಲಿಯೂ ಕಣ್ಣು ಕಾಣದವನೆಂಬ ಕಾರಣಕ್ಕೆ ಸಾವಿನ ಬಾಯಿಗೆ ಬಿದ್ದ ಮುದುಕನ ಪ್ರಸಂಗದಲ್ಲಿ, ನಿಜವಾದ ಕರುಣವಿತ್ತು. ಹಾಗಿದ್ದ ಮೇಲೆ ಹಡಗಿನೊಡನೆ ಮುಳುಗಿದ ಚಿನ್ನವು ಯಾರ ಬೆವರು? ಚಿತ್ರದ ನಾರಾಚಿಯು ಕಲ್ಪಿತವಾದುದು. ಆದರೆ ಕೋಲಾರದ ಗಣಿಯು ಕಲ್ಪಿತವಲ್ಲ. ನೂರಿಪ್ಪತ್ತು ವರ್ಷಗಳಷ್ಟು ಕಾಲ ನಡೆದು, ಮೂರು ಸಾವಿರ ಮೀಟರಿಗಿಂತ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಅದು ಮುಚ್ಚಿತು. ಅಲ್ಲಿ ದುಡಿದವರ ಮಕ್ಕಳು ಇಂದಿಗೂ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ಬರುತ್ತಾರೆ. ಮೂರನೆಯ ಅಧ್ಯಾಯವನ್ನು ಬರೆಯಲೇಬೇಕೆಂದಿದ್ದರೆ ನಿರ್ದೇಶಕರು ಹಸ್ತಪ್ರತಿಗಾಗಿ ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ.

ನಾನು ನೋಡಿದ ದಿನ, ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಹಡಗು ಮುಳುಗಿದೊಡನೆ ಮೇಲುವಸ್ತ್ರವನ್ನು ಕೊಡವಿಕೊಂಡು ಎದ್ದು ಹೊರಟರು. ಇನ್ನೂ ಇದೆ, ಕುಳಿತುಕೊಳ್ಳಿ ಎಂದು ಹಿಂದಿನ ಹುಡುಗರು ಕೂಗಿದರು. ಅವರು ತಿರುಗಿ ನೋಡಲಿಲ್ಲ. ನಾನು ಕುಳಿತೇ ಇದ್ದೆನು.