ಗುಡಿಯ ಗೋಪುರ ಸೆರಗಿಗೆ ಬಂದ ಬಗೆ

ಉಡುಗೆಯ ಸೊಗಸಿಗೆ ಸ್ಫೂರ್ತಿ ಬೇಕೆಂದರೆ ದೂರದ ಫ್ಯಾಷನ್ ಪ್ರದರ್ಶನಕ್ಕೇ ಹೋಗಬೇಕಿಲ್ಲ. ಗದಗ, ಧಾರವಾಡ ಸೀಮೆಯ ಕಸೂತಿ ಈ ಮಾತಿಗೆ ಸಾಕ್ಷಿ. ಗುಡಿಯ ಗೋಪುರ, ಜಾತ್ರೆಯ ತೇರು, ಅಂಗಳದ ತುಳಸಿ ವೃಂದಾವನ, ಆನೆ, ನವಿಲು ಎಲ್ಲವೂ ಇಳಕಲ್ ಸೀರೆಯ ಸೆರಗಿಗೆ, ಕುಬಸಕ್ಕೆ ಏರಿವೆ. ಇದು ಬರೀ ನಕಲು ಎನ್ನುವವರಿದ್ದಾರೆ. ಒಪ್ಪಲಾಗದು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಹಾಗಾಗಿ ಕಲ್ಲಿನ ದುಂಡು ಬಳುಕುಗಳು ಮೆಟ್ಟಿಲು ಮೆಟ್ಟಿಲಾದ ಗೆರೆಗಳಾಗಿ ಹೊಸ ರೂಪ ತಾಳುತ್ತವೆ. ಗಾವಂತಿ ಹೊಲಿಗೆಯನ್ನೇ ನೋಡಿ: ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ, ಗಂಟಿಲ್ಲ, ಎರಡೂ ಮಗ್ಗುಲು ಒಂದೇ ಚಿತ್ರ. ಇದು ಕಂಡದ್ದನ್ನು ಮರುಸೃಷ್ಟಿಸುವ ಬುದ್ಧಿವಂತಿಕೆ.

ಸೆರಗಿನ ಕಲೆ ದಿಂಬಿನ ಚೀಲಕ್ಕೆ, ಬಾಗಿಲ ಪರದೆಗೆ ಬಂದರೆ ಅಗ್ಗವಾಗುತ್ತದೆಂಬ ಆತಂಕವೂ ಇದೆ. ಆದರೆ ಮನೆಯ ವೃಂದಾವನವನ್ನು ಸೀರೆಗೆ ತಂದ ಕಲೆ ಮತ್ತೆ ಮನೆಯೊಳಗೆ ಬರುವುದು ಸಹಜವೇ. ಅಗ್ಗವಾಗಿಸುವುದು ಕಸೂತಿಯ ಹೆಸರಲ್ಲಿ ಮಾರುವ ಅಚ್ಚು ಬಟ್ಟೆ, ದುಡಿಮೆಗೆ ತಕ್ಕ ಬೆಲೆ ಕೊಡದ ವ್ಯಾಪಾರ. 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದ ಊರು ಇದೇ ಗದಗ ಸೀಮೆಯ ಕಣಗಿನಹಾಳ. ಹೊಲಿಯುವ ಹೆಣ್ಣುಮಕ್ಕಳಿಗೂ ಅಂಥ ಸಂಘಬಲ ಬೇಕು. ಕೊಳ್ಳುವವರು ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯನ್ನು ಒಮ್ಮೆ ಕಣ್ತುಂಬ ನೋಡಲಿ; ಆಮೇಲೆ ಬಟ್ಟೆಯ ಹಿಂಬದಿ ತಿರುವಿ, ಕೈಹೊಲಿಗೆಯನ್ನೇ ನ್ಯಾಯವಾದ ಬೆಲೆಗೆ ಕೊಳ್ಳಲಿ.