ಡಲ್ಲಾಸಿನ ಭಾವನ ಹೆಸರಿನಲ್ಲಿ

ಹೈದರಾಬಾದಿನಲ್ಲಿ ಅಮೆರಿಕದ ವೀಸಾ ಬೇಕಾದವರು ಚಿಲ್ಕೂರು ಬಾಲಾಜಿಗೆ 11 ಸುತ್ತು ಹಾಕಿ ಹರಕೆ ಹೊರುತ್ತಾರೆ. ಸಿಕ್ಕಮೇಲೆ ಬಂದು 108 ಸುತ್ತುತ್ತಾರೆ. ಅಮೆರಿಕದ ದುಡ್ಡಷ್ಟೇ ಬೇಕಾದವರಿಗೆ ಇಷ್ಟು ಪ್ರಯಾಸವಿಲ್ಲ. ಡಲ್ಲಾಸಿನಲ್ಲೊಬ್ಬ ಭಾವ ಇದ್ದರೆ ಸಾಕು ಎಂಬುದು ಊರಿನ ನಂಬಿಕೆ.

ಕಾಚಿಗುಡದ ಕನ್ನಡ ಹುಡುಗನೊಬ್ಬ ಬಿದ್ರಿ ಕೆತ್ತನೆಯ ಪೆನ್ನು ಮಾಡಿ ಹೊರದೇಶದವರಿಂದ ಮುಂಗಡ ಎತ್ತಲು ಹೊರಟ ಎಂದುಕೊಳ್ಳಿ. ಜನರಿಂದ ಹಣ ಕೂಡಿಸಲು 2009ರಲ್ಲಿ ಶುರುವಾದ ಅಮೆರಿಕದ ತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಹೂಡುವವರು ಅದು ಒಪ್ಪಿದ ದೇಶವೊಂದರ ಕಾಯಂ ನಿವಾಸಿಗಳಾಗಿರಬೇಕು. ಅಲ್ಲಿನ ವಿಳಾಸ, ಗುರುತಿನ ಚೀಟಿ, ಬ್ಯಾಂಕ್ ಖಾತೆ ಬೇಕು. ಆ ಪಟ್ಟಿಯಲ್ಲಿ ಭಾರತವಿಲ್ಲ. ಇಲ್ಲಿಂದ ಹಣ ಹಾಕಬಹುದು, ಎತ್ತುವಂತಿಲ್ಲ. ಆಗ ಬರುವ ಉಪದೇಶ ಒಂದೇ: ಖಾತೆ ಭಾವನ ಹೆಸರಲ್ಲಿರಲಿ, ಕೆಲಸ ನಿನ್ನದಿರಲಿ. ಇದನ್ನು ಜಾಣತನವೆನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: ಬೇನಾಮಿ.

ನಿಯಮವೇ ಅನ್ಯಾಯದ್ದಾದಾಗ ಮುರಿದರೇನು ತಪ್ಪು ಎಂದು ಕೇಳುವವರಿಗೆ ಇದೇ ಊರಿನ ಚರಿತ್ರೆಯನ್ನು ನೆನಪಿಸಬೇಕು. ನಿವಾಸದ ನಿಯಮವೆಂದರೇನೆಂದು ಹೈದರಾಬಾದಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಜಾಮರ ಕಾಲದ ಮುಲ್ಕಿ ನಿಯಮದಲ್ಲಿ ಹೊರಗಿನಿಂದ ಬಂದವನಿಗೆ ಸರ್ಕಾರಿ ನೌಕರಿ ಸಿಗಲು 15 ವರ್ಷದ ವಾಸ ಬೇಕಿತ್ತು. ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಹೊರಗಿನವರು ಸುಳ್ಳು ಮುಲ್ಕಿ ಪತ್ರ ಹಿಡಿದು ಕೆಲಸಕ್ಕೆ ಸೇರುತ್ತಿದ್ದಾರೆಂಬ ದೂರು ಹೊತ್ತಿ, 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸಿಟಿ ಕಾಲೇಜಿನ ಬಳಿ ಗೋಲಿಬಾರ್ ನಡೆದು ಜೀವಗಳು ಹೋದವು. ಸುಳ್ಳು ಪತ್ರಗಳಿಂದ ನಿಯಮ ಸಡಿಲವಾಗಲಿಲ್ಲ. ನಿಜವಾಗಿ ಬಂದು ನೆಲೆಸಿದವನನ್ನೂ ಜನ ಅನುಮಾನದಿಂದ ನೋಡುವಂತಾಯಿತು, ಅಷ್ಟೇ.

ಕಿಕ್‌ಸ್ಟಾರ್ಟರ್‌ನ ಷರತ್ತು ಮುಲ್ಕಿಯಂಥದ್ದಲ್ಲ ಎಂಬುದೂ ನಿಜ. ಮುಲ್ಕಿಯದು ನೌಕರಿ ಯಾರಿಗೆ ಎಂಬ ಪ್ರಶ್ನೆ. ಇಲ್ಲಿಯದು ಹಣ ಯಾವ ದಾರಿಯಲ್ಲಿ ಹೋಗುತ್ತದೆ, ಪೆನ್ನು ಬರದಿದ್ದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ. ಮೊದಲು ಅಮೆಜಾನ್ ಪೇಮೆಂಟ್ಸ್, 2015ರಿಂದ ಸ್ಟ್ರೈಪ್: ಹಣ ತಲುಪಿಸುವ ಈ ಸಂಸ್ಥೆಗಳ ಕೈ ಎಷ್ಟು ದೂರ ಚಾಚುತ್ತದೆ ಎಂಬುದೂ ಒಪ್ಪಿದ ದೇಶಗಳ ಆ ಪಟ್ಟಿಗೆ ಒಂದು ಮಿತಿ. ಭಾವನನ್ನು ಮುಂದೆ ನಿಲ್ಲಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಪ್ರಶ್ನೆ ಅವನ ತಲೆಗೆ ಸುತ್ತಿಕೊಳ್ಳುತ್ತದೆ.

ಸುತ್ತಿಕೊಳ್ಳುವ ಬಗೆ ನೋಡಿ. ಬಂದ ಹಣ ಅಮೆರಿಕದ ತೆರಿಗೆ ಇಲಾಖೆಯ ಕಣ್ಣಿಗೆ ಭಾವನ ಆದಾಯ. ಅಲ್ಲವೆಂದು ಸಾಬೀತು ಮಾಡುವ ಹೊರೆ ಅವನದೇ. ಅವನು ಎಚ್-1ಬಿ ವೀಸಾದಲ್ಲಿದ್ದರೆ ಆ ಷರತ್ತಿನ ‘ಕಾಯಂ ನಿವಾಸಿ’ಯೂ ಅಲ್ಲ. ಮೇಲಾಗಿ ಆ ವೀಸಾ ಕರೆಸಿಕೊಂಡ ಕಂಪನಿಯ ಕೆಲಸಕ್ಕೆ ಮಾತ್ರ. ಪೆನ್ನಿನ ವ್ಯಾಪಾರ ಅದಕ್ಕೇ ಕುತ್ತಾಗಬಹುದು. 11 ಸುತ್ತು ಹಾಕಿ ಪಡೆದದ್ದನ್ನು ಬಾಮೈದನ ಪೆನ್ನಿಗೆ ಒತ್ತೆ ಇಟ್ಟಂತಾಯಿತು.

‘ಕಾಯ್ದೆಬದ್ಧ ದಾರಿಯೇ ಇಲ್ಲವಲ್ಲ’ ಎಂಬ ಎರಡನೆಯ ನಂಬಿಕೆ ಇನ್ನೂ ದುರ್ಬಲ. ಹೊರದೇಶದ ದುಡ್ಡೆಂದರೆ ನಮ್ಮವರಿಗೆ ಎಫ್‌ಸಿಆರ್‌ಎ ಭೂತ ಕಾಣುತ್ತದೆ. 2010ರ ಆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಹಿಡಿಯುವುದು ದೇಣಿಗೆಯನ್ನು. ವ್ಯಾಪಾರದಲ್ಲಿ ಸರಕಿಗೋ ಸೇವೆಗೋ ಪಡೆದ ಬೆಲೆಯನ್ನು ಅದರ ವ್ಯಾಖ್ಯೆಯೇ ಹೊರಗಿಟ್ಟಿದೆ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ಕೂಡ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರನಾದವನು ಕೊಟ್ಟರೆ ಲೆಕ್ಕ ಬೇರೆ. ಹಾಗಾಗಿ ಹುಡುಗ ಬೇಡುವ ಬದಲು ಮಾರಲಿ. ಆಮದು-ರಫ್ತು ಕೋಡ್ ಪಡೆದು, ತನ್ನದೇ ಜಾಲತಾಣದಲ್ಲಿ ಮುಂಗಡ ಹಿಡಿದು, ನಿಗದಿತ ಅವಧಿಯಲ್ಲಿ ಸರಕು ಸಾಗಿಸಿದರೆ ಅದು ರಫ್ತು. ಗಡಿಯಾಚೆಯ ಪಾವತಿ ನಡೆಸುವ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ನಿಯಮ ರೂಪಿಸಿತು. ಆ ನಿಯಮದಲ್ಲಿ ಒಂದು ಸರಕಿಗೆ 25 ಲಕ್ಷ ರೂಪಾಯಿವರೆಗೆ ಅವಕಾಶವಿತ್ತು. ಪೆನ್ನಿಗೆ ಅಷ್ಟು ಸಾಲದೆ?

ಈ ದಾರಿಯಲ್ಲಿ ಕಿಕ್‌ಸ್ಟಾರ್ಟರ್‌ನ ಜನಜಂಗುಳಿ ಸಿಗುವುದಿಲ್ಲ ಎಂಬ ಆಕ್ಷೇಪವನ್ನು ಒಪ್ಪಬೇಕು. ಸಂತೆಯಲ್ಲಿ ಅಂಗಡಿ ಇಡುವುದಕ್ಕೂ ಊರಾಚೆ ಇಡುವುದಕ್ಕೂ ವ್ಯತ್ಯಾಸವಿದೆ. ಮುಂಗಡದ ಬದಲು ಕಂಪನಿಯ ಪಾಲನ್ನೇ ಹೀಗೆ ಜನರಿಗೆ ಹಂಚೋಣವೆಂದರೆ ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಬಿಡುವುದಿಲ್ಲ. 2014ರಲ್ಲಿ ಅದು ಚರ್ಚಾಪತ್ರ ಹೊರಡಿಸಿತು, 2016ರಲ್ಲಿ ಇಂಥ ತಾಣಗಳ ಬಗ್ಗೆ ಎಚ್ಚರಿಸಿತು. ಜಗಳ ಆಡಬೇಕಾದದ್ದು ಅಲ್ಲಿ. ಆದರೆ ಬೇನಾಮಿಯಾಗಿ ನುಸುಳಿದವನು ಆ ಜಗಳಕ್ಕೆ ಬರುವುದಿಲ್ಲ. ಬಂದರೆ ತನ್ನ ಗುಟ್ಟೇ ರಟ್ಟಾಗುತ್ತದೆ.

ಕನ್ನಡದ್ದೇ ಉದಾಹರಣೆ ಇದೆ. ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ಸಿಗದಿದ್ದಾಗ ನಿರ್ದೇಶಕ ಪವನ್ ಕುಮಾರ್ ಕಿಕ್‌ಸ್ಟಾರ್ಟರ್‌ಗಾಗಲಿ ಅಮೆರಿಕದ ನೆಂಟನಿಗಾಗಲಿ ಕಾಯಲಿಲ್ಲ. ಅಂತರ್ಜಾಲದಲ್ಲಿ ತಮ್ಮ ಹೆಸರಿನಲ್ಲೇ ಬರೆದು ಕೇಳಿದರು. ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ಕೂಡಿತು. 2013ರಲ್ಲಿ ಚಿತ್ರ ಲಂಡನ್ನಿನ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಚಿತ್ರ ಕೆಟ್ಟಿದ್ದರೆ ಆ ನೂರು ಜನರೂ ಯಾರ ಮನೆ ಬಾಗಿಲು ತಟ್ಟಬೇಕೆಂದು ತಿಳಿದಿದ್ದರು. ಕಾಚಿಗುಡದ ಹುಡುಗನೂ ಮೊದಲು ಆ ಬಾಗಿಲಿಗೆ ತನ್ನ ಹೆಸರಿನ ಫಲಕ ಹಾಕಲಿ. ಭಾವ ಬೇಕಿದ್ದರೆ ಡಲ್ಲಾಸಿನಿಂದ ಮೊದಲ ಪೆನ್ನು ಕೊಳ್ಳಲಿ.